ಸೋತ ಪಂದ್ಯದ ವೀರ

ರನ್ನನ ಗದಾಯುದ್ಧವನ್ನು ಪಾಠ ಹೇಳುವಾಗಲೆಲ್ಲ ನನಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಕಾವ್ಯದ ಹೆಸರು ‘ಸಾಹಸಭೀಮವಿಜಯ’; ಆದರೂ ಓದುವವರ ಮನಸ್ಸು ತೊಡೆ ಮುರಿದು ಬಿದ್ದ ದುರ್ಯೋಧನನ ಕಡೆಗೇ ವಾಲುವುದೇಕೆ? ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾಗುವವನು ಕುರುಕುಲದವನಲ್ಲ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಟಗಾರ ಅರ್ನಿ ನೆವರ್ಸ್.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಸಾಲನ್ನು ಭೇದಿಸಿ ನುಗ್ಗುವ ಆಟ ಅದು. ನಮ್ಮಲ್ಲಿ ಫುಲ್‌ಬ್ಯಾಕ್ ಎಂದರೆ ಗೋಲಿನ ಕಾವಲುಗಾರ. ಅಲ್ಲಿ ಅವನೇ ಸೈನ್ಯದ ಮುಂದಿನ ಸಲಗ. ಆ ಕಾಲದಲ್ಲಿ ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಜನ, ವಿಶ್ರಾಂತಿಯೆಂಬುದು ಅಪರೂಪ.

ಮಿನೆಸೋಟದ ವಿಲೋ ರಿವರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ನೆವರ್ಸ್, ಸ್ಟ್ಯಾನ್‌ಫರ್ಡಿನಲ್ಲಿ ಪಾಪ್ ವಾರ್ನರ್ ಎಂಬ ಪ್ರಖ್ಯಾತ ಗುರುವಿನ ಕೈಗೆ ಸಿಕ್ಕಿದ. 1924ರ ಋತುವಿನಲ್ಲಿ ಅವನ ಎರಡೂ ಕಾಲುಗಳ ಹರಡು ಮುರಿದವು. ಅದೇ ವರ್ಷ ಅವನ ತಂಡಕ್ಕೆ ಪ್ಯಾಸಡೀನದ ರೋಸ್ ಬೌಲ್ ಪಂದ್ಯಕ್ಕೆ ಕರೆ ಬಂತು. ಎದುರಾಳಿ ನ್ಯೂಟ್ ರಾಕ್ನಿಯ ನಾಟರ್ ಡೇಮ್ ತಂಡ. ಅದರ ನಾಲ್ವರು ಮುಂದಾಳುಗಳಿಗೆ ಗ್ರಾಂಟ್‌ಲೆಂಡ್ ರೈಸ್ ಎಂಬ ಪತ್ರಕರ್ತ ಬೈಬಲ್ಲಿನ ಪ್ರಳಯಕಾಲದ ನಾಲ್ವರು ಅಶ್ವಾರೋಹಿಗಳ ಹೆಸರನ್ನೇ ಕೊಟ್ಟಿದ್ದ.

1925ರ ಜನವರಿ 1ರಂದು, ಕಾಲಿನ ಕಟ್ಟು ಬಿಚ್ಚಿ ಕೆಲವೇ ದಿನಗಳಾಗಿದ್ದರೂ, ನೆವರ್ಸ್ ಹರಡುಗಳನ್ನು ಬಿಗಿಯಾಗಿ ಸುತ್ತಿಸಿಕೊಂಡು ಕಣಕ್ಕಿಳಿದ. ಅರುವತ್ತು ನಿಮಿಷವೂ ಆಡಿದ. ಮೂವತ್ತನಾಲ್ಕು ಸಲ ಚೆಂಡು ಹೊತ್ತು ನುಗ್ಗಿ 114 ಗಜ ಗಳಿಸಿದ. ಉತ್ತರಾರ್ಧದಲ್ಲಿ ಒಮ್ಮೆ ಗೆರೆಯ ಅಂಚಿನಲ್ಲೇ ಬಿದ್ದ. ಕೆಲವೇ ಅಂಗುಲ ಕಡಿಮೆಯಾಯಿತೆಂದು ತೀರ್ಪುಗಾರ ಹೇಳಿದ. ದಾಟಿದ್ದನೆಂದು ಸ್ಟ್ಯಾನ್‌ಫರ್ಡಿನವರು ವಾದಿಸಿದರು.

ಆದರೆ ಇದಿಷ್ಟನ್ನೇ ಹೇಳಿದರೆ ಚರಿತ್ರೆಯಾಗದು, ಹೊಗಳುಭಟ್ಟರ ಮಾತಾದೀತು. ಅವನು ಎಸೆದ ಎರಡು ಚೆಂಡುಗಳನ್ನು ಎದುರಾಳಿಯ ಫುಲ್‌ಬ್ಯಾಕ್ ಎಲ್ಮರ್ ಲೇಡನ್ ನಡುವೆಯೇ ಹಿಡಿದು, ಒಮ್ಮೆ 78 ಗಜ, ಮತ್ತೊಮ್ಮೆ 70 ಗಜ ಓಡಿ ಗುರಿ ಮುಟ್ಟಿಸಿದ. ನಾಟರ್ ಡೇಮ್ 27, ಸ್ಟ್ಯಾನ್‌ಫರ್ಡ್ 10. ಸೋಲಿನಲ್ಲಿ ವೀರನ ಪಾಲೂ ಇತ್ತು.

ಮುಂದೆ ಅವನಿಗೆ ಗೆಲುವು ಬಾರದೆ ಇರಲಿಲ್ಲ. 1929ರ ನವೆಂಬರ್ 28ರಂದು ಶಿಕಾಗೊ ಕಾರ್ಡಿನಲ್ಸ್ ಪರವಾಗಿ ಶಿಕಾಗೊ ಬೇರ್ಸ್ ವಿರುದ್ಧ ತಂಡದ 40 ಅಂಕಗಳನ್ನೂ ಅವನೊಬ್ಬನೇ ಗಳಿಸಿದ. ವೃತ್ತಿಪರ ಲೀಗಿನಲ್ಲಿ ಆ ದಾಖಲೆ ಇಂದಿಗೂ ನಿಂತಿದೆ. ಬೇಸ್‌ಬಾಲನ್ನೂ ಆಡಿದ, ಬೇಬ್ ರೂತ್ 1927ರಲ್ಲಿ ಬಾರಿಸಿದ ಅರುವತ್ತು ಹೋಂ ರನ್‌ಗಳಲ್ಲಿ ಎರಡು ನೆವರ್ಸ್ ಎಸೆದ ಚೆಂಡಿನವು! 1976ರಲ್ಲಿ ತೀರಿಕೊಂಡ. ಆದರೂ ಅವನ ಮಾತು ಬಂದಾಗ ಜನ ಮೊದಲು ನೆನೆಯುವುದು ಪ್ಯಾಸಡೀನದ ಆ ಸೋಲನ್ನು.

ಅಂಥ ಕಾಲುಗಳ ಹುಡುಗನನ್ನು ಕಣಕ್ಕಿಳಿಸಿದ್ದು ಸರಿಯೇ? ಇಪ್ಪತ್ತರ ಹುಡುಗರ ನಡುವೆ ದಿನ ಕಳೆಯುವ ಮೇಷ್ಟರಾಗಿ ನಾನು ಅದನ್ನು ಒಪ್ಪಲಾರೆ. ಗೌರವದ ಹೆಸರಿನಲ್ಲಿ ಹರೆಯದ ಮೈಯನ್ನು ಪಣಕ್ಕೊಡ್ಡುವುದು ಹಿರಿಯರಿಗೆ ಸುಲಭ. ಅದರ ಬೆಲೆ ತೆರುವವರು ಬೇರೆ. ಆದರೆ ಇಳಿದ ಮೇಲೆ ಅವನು ಆಡಿದ ರೀತಿಗೆ ತಲೆಬಾಗದೆ ಇರಲೂ ನನ್ನಿಂದಾಗದು.

ರನ್ನನೂ ದುರ್ಯೋಧನನ ತಪ್ಪುಗಳನ್ನು ಮರೆಮಾಚಲಿಲ್ಲ. ಎಲ್ಲವನ್ನೂ ಹೇಳಿದ ಮೇಲೂ ಉಳಿದ ಛಲವನ್ನಷ್ಟೇ ಎತ್ತಿ ತೋರಿಸಿದ. ಅಂದು ಗೆದ್ದವರು ಪಂದ್ಯವನ್ನು ಕೊಂಡೊಯ್ದರು. ಕಥೆಯನ್ನು ಸೋತವನಿಗೇ ಬಿಟ್ಟುಹೋದರು.