ಡೀಸೆಲ್ ಕಾರಿನ ಮೈಲೇಜ್ ಇಳಿದಿದೆಯೇ? ಆಡಿಟಿವ್ ಬಾಟಲಿ ಕೊಳ್ಳುವ ಮುಂಚೆ ಈ ಲೆಕ್ಕ ಹಾಕಿ

ಸಿಂಗಸಂದ್ರ: ಹೊಸೂರು ರಸ್ತೆಯಲ್ಲಿ ಕ್ಯಾಬ್ ಓಡಿಸುವವರು, ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ ಕಡೆಗೆ ಮಾಲು ಸಾಗಿಸುವವರು, ಅಂಗಡಿ ಕೆಲಸಕ್ಕೆ ಡೀಸೆಲ್ ಕಾರು ಇಟ್ಟುಕೊಂಡವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಗಾಡಿ ಮೊದಲಿನಷ್ಟು ಮೈಲೇಜ್ ಕೊಡ್ತಿಲ್ಲ’. ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 2025ರ ಏಪ್ರಿಲ್ 1ರಂದು ಶೇ 18.44ರಿಂದ ಶೇ 21.17ಕ್ಕೆ ಏರಿತು. ಅಂದು ಬೆಂಗಳೂರಿನಲ್ಲಿ ಲೀಟರ್ ದರ 91.02 ರೂಪಾಯಿ ಆಯಿತು. ತಿಂಗಳಿಗೆ 100 ಲೀಟರ್ ಹಾಕಿಸುವವರಿಗೆ ಶೇ 5ರಷ್ಟು ಮೈಲೇಜ್ ಇಳಿದರೂ ಸುಮಾರು 450 ರೂಪಾಯಿ ಹೋದಂತೆ. ಹಾಗಾದರೆ ತಪ್ಪು ಡೀಸೆಲ್‌ನದ್ದಾ, ಗಾಡಿಯದ್ದಾ, ರಸ್ತೆಯದ್ದಾ?

ಈಗ ಬರುವ ಡೀಸೆಲ್ ಹೇಗಿದೆ?

2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕ್‌ಗಳಲ್ಲೂ ಬಿಎಸ್-6 ಡೀಸೆಲ್ ಮಾತ್ರ ಮಾರಾಟವಾಗುತ್ತಿದೆ. ಬಿಎಸ್-4ರಲ್ಲಿ ಹತ್ತು ಲಕ್ಷ ಭಾಗಕ್ಕೆ 50 ಭಾಗದವರೆಗೆ ಗಂಧಕ ಇರಬಹುದಿತ್ತು, ಈಗ ಆ ಮಿತಿ 10. ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದು ಹೇಳುವ ಸೀಟೇನ್ ಸಂಖ್ಯೆ ಕನಿಷ್ಠ 51 ಇರಬೇಕು. ಗಂಧಕ ತೆಗೆಯುವಾಗ ಡೀಸೆಲ್‌ನ ಸಹಜ ಜಿಡ್ಡಿನ ಗುಣವೂ ಕಡಿಮೆಯಾಗುತ್ತದೆ. ಫ್ಯೂಯಲ್ ಪಂಪ್ ಸವೆಯಬಾರದೆಂದು ಅದಕ್ಕೆ ಬೇಕಾದ ಆಡಿಟಿವ್ ಅನ್ನು ಬಂಕ್‌ಗೆ ಬರುವ ಮೊದಲೇ ಬೆರೆಸಿರುತ್ತಾರೆ. ಅಂದರೆ ಮಾಮೂಲಿ ಡೀಸೆಲ್‌ನಲ್ಲೂ ಅಗತ್ಯವಾದ ಆಡಿಟಿವ್ ಇದ್ದೇ ಇರುತ್ತದೆ.

ಕಲಬೆರಕೆಯಾದರೆ ಏನಾಗುತ್ತದೆ?

ಡೀಸೆಲ್‌ಗೆ ಹಿಂದಿನಿಂದಲೂ ಬೆರೆಸುತ್ತಾ ಬಂದಿರುವುದು ಸೀಮೆಎಣ್ಣೆ. ಇದು ಡೀಸೆಲ್‌ಗಿಂತ ಹಗುರ. ಹೀಗಾಗಿ ಒಂದು ಲೀಟರ್‌ನಲ್ಲಿ ಸಿಗುವ ಶಕ್ತಿಯೂ ಕಡಿಮೆ, ಜಿಡ್ಡೂ ಕಡಿಮೆ. ಮೈಲೇಜ್ ಇಳಿಯುವುದು ಸಣ್ಣ ನಷ್ಟ, ಪಂಪ್ ಮತ್ತು ಇಂಜೆಕ್ಟರ್ ಹಾಳಾದರೆ ಬೀಳುವ ಖರ್ಚು ದೊಡ್ಡದು. ಟ್ಯಾಂಕ್‌ಗೆ ನೀರು ಸೇರಿದರೂ ಇದೇ ಗತಿ. ಅಂಗಡಿಯ ಜನರೇಟರ್‌ಗೆಂದು ಡ್ರಮ್‌ನಲ್ಲಿ ತಿಂಗಳುಗಟ್ಟಲೆ ಇಟ್ಟ ಡೀಸೆಲ್‌ನಲ್ಲಿ ತೇವ ಸೇರಿ ಪಾಚಿಯಂತಹ ಕೊಳೆ ಬೆಳೆಯುತ್ತದೆ. ಅದನ್ನು ಕಾರಿಗೆ ಸುರಿಯಬಾರದು. ಬಯೋಡೀಸೆಲ್ ಎಂದು ಹೇಳಿ ಕ್ಯಾನ್‌ನಲ್ಲಿ ಅಗ್ಗಕ್ಕೆ ಮಾರುವ ಎಣ್ಣೆಯಿಂದಲೂ ದೂರ ಇರುವುದೇ ಒಳ್ಳೆಯದು.

ಈ ದಂಧೆ ಜೀವಕ್ಕೂ ಎರವಾಗಿದೆ. ಕೆಜಿಎಫ್‌ನಲ್ಲಿ ಬೆಳೆದ ಇಂಡಿಯನ್ ಆಯಿಲ್ ಅಧಿಕಾರಿ ಎಸ್. ಮಂಜುನಾಥ್ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕ್ ವಿರುದ್ಧ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರ್‌ನಲ್ಲಿ ಕೊಲೆಯಾದರು.

ಬಾಟಲಿ ಆಡಿಟಿವ್ ಹಾಕಿದರೆ ಮೈಲೇಜ್ ಬರುತ್ತಾ?

ಅಂಗಡಿಯಲ್ಲಿ ಸಿಗುವ ಬಾಟಲಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸೀಟೇನ್ ಹೆಚ್ಚಿಸುವಂಥದ್ದು. ಡೀಸೆಲ್‌ನಲ್ಲಿ ಸೀಟೇನ್ 51 ಆಗಲೇ ಇದ್ದರೆ ಇದರಿಂದ ಹೆಚ್ಚೇನೂ ಲಾಭವಿಲ್ಲ. ಇನ್ನೊಂದು ಇಂಜೆಕ್ಟರ್ ಶುಚಿ ಮಾಡುವಂಥದ್ದು. ಹಳೇ ಗಾಡಿಯ ಇಂಜೆಕ್ಟರ್‌ನಲ್ಲಿ ಕಿಟ್ಟ ಕಟ್ಟಿದ್ದರೆ ಇಳಿದುಹೋದ ಮೈಲೇಜ್ ಸ್ವಲ್ಪ ವಾಪಸ್ ಬರಬಹುದು. ಚೆನ್ನಾಗಿರುವ ಇಂಜಿನ್‌ಗೆ ಹೊಸದಾಗಿ ಮೈಲೇಜ್ ಕೊಡುವ ಔಷಧಿ ಇದಲ್ಲ.

ಲೆಕ್ಕ ಹೀಗೆ ಹಾಕಿ. ಬಾಟಲಿ 400 ರೂಪಾಯಿ, 50 ಲೀಟರ್ ಡೀಸೆಲ್‌ಗೆ ಸಾಕು ಎಂದುಕೊಳ್ಳಿ. ಲೀಟರ್‌ಗೆ 8 ರೂಪಾಯಿ ಹೆಚ್ಚುವರಿ ಖರ್ಚು. 91 ರೂಪಾಯಿಯ ಡೀಸೆಲ್ ನಿಮಗೆ 99 ರೂಪಾಯಿ ಬೀಳುತ್ತದೆ. ಆ ದುಡ್ಡು ಹುಟ್ಟಬೇಕಾದರೆ ಲೀಟರ್‌ಗೆ 15 ಕಿ.ಮೀ. ಓಡುವ ಕಾರು 16.3 ಕಿ.ಮೀ. ಓಡಬೇಕು, ಅಂದರೆ ಸುಮಾರು ಶೇ 9ರಷ್ಟು ಹೆಚ್ಚು. ಬಂಕ್‌ನ ಪ್ರೀಮಿಯಂ ಡೀಸೆಲ್‌ಗೂ ಇದೇ ಲೆಕ್ಕ. ಲೀಟರ್‌ಗೆ 4 ರೂಪಾಯಿ ಜಾಸ್ತಿ ಇದ್ದರೆ ಮೈಲೇಜ್ ಶೇ 4.4ರಷ್ಟಾದರೂ ಏರಬೇಕು.

ಬಿಎಸ್-6 ಗಾಡಿಯವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಈ ಗಾಡಿಗಳಲ್ಲಿ ಇರುತ್ತದೆ. ಲೋಹದ ಅಂಶವಿರುವ ಆಡಿಟಿವ್ ಹಾಕಿದರೆ ಅದರ ಬೂದಿ ಅಲ್ಲಿ ಕೂರುತ್ತದೆ. ಗಾಡಿಯ ಕೈಪಿಡಿಯಲ್ಲಿ ಒಪ್ಪಿಗೆ ಇಲ್ಲದ್ದನ್ನು ಹಾಕಬೇಡಿ. ಡಿಇಎಫ್ ದ್ರವಕ್ಕೆ ಬೇರೆ ಟ್ಯಾಂಕ್ ಇದೆ, ಅದನ್ನು ಡೀಸೆಲ್ ಟ್ಯಾಂಕ್‌ಗೆ ಸುರಿದರೆ ಗಾಡಿ ಗ್ಯಾರೇಜ್ ಸೇರುತ್ತದೆ.

ಬಂಕ್‌ನಲ್ಲಿ ಗ್ರಾಹಕರು ಏನು ಕೇಳಬಹುದು?

- ಸಾಂದ್ರತೆ: ಆ ದಿನದ ಡೀಸೆಲ್ ಸಾಂದ್ರತೆಯನ್ನು ಬಂಕ್‌ನಲ್ಲಿ ತೋರಿಸಬೇಕು. ಹೈಡ್ರೋಮೀಟರ್, ಥರ್ಮಾಮೀಟರ್‌ನಿಂದ ಅಳೆದು ತೋರಿಸಿ ಎಂದು ಕೇಳಬಹುದು. 15 ಡಿಗ್ರಿ ತಾಪಮಾನಕ್ಕೆ ಸರಿಹೊಂದಿಸಿದ ಮೇಲೆ ದಾಖಲೆಯ ಅಂಕಿಗೂ ಅಳತೆಗೂ ಘನ ಮೀಟರ್‌ಗೆ 3 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅನುಮಾನ ಪಡಬೇಕು.
- ಅಳತೆ: ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಪ್ರತಿ ಬಂಕ್‌ನಲ್ಲೂ ಇರಬೇಕು. 25 ಮಿ.ಲೀ.ಗಿಂತ ಹೆಚ್ಚು ಕಡಿಮೆ ಬಂದರೆ ತಪ್ಪು.
- ಫಿಲ್ಟರ್ ಪೇಪರ್ ಪರೀಕ್ಷೆ ಪೆಟ್ರೋಲ್‌ಗೆ ಮಾತ್ರ. ಡೀಸೆಲ್ ಬೇಗ ಆರುವುದಿಲ್ಲ, ಆದ್ದರಿಂದ ಕಲೆ ಉಳಿದ ಮಾತ್ರಕ್ಕೆ ಕಲಬೆರಕೆ ಎನ್ನಲಾಗದು.
- ಬಿಲ್ ತಪ್ಪದೆ ಪಡೆಯಿರಿ. ಬಿಲ್ ಇಲ್ಲದೆ ದೂರು ನಿಲ್ಲುವುದು ಕಷ್ಟ.

ಅಳತೆಯ ದೂರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಗುಣಮಟ್ಟದ ದೂರನ್ನು ಬಂಕ್‌ನಲ್ಲಿ ಬರೆದಿರುವ ತೈಲ ಕಂಪನಿಯ ಸಂಖ್ಯೆಗೆ ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಟ್ರಾಫಿಕ್ ನುಂಗುವುದೇ ಹೆಚ್ಚು

ನಿಂತಲ್ಲೇ ಇಂಜಿನ್ ಓಡುತ್ತಿದ್ದರೆ ಡೀಸೆಲ್ ಕಾರು ಗಂಟೆಗೆ ಅರ್ಧ ಲೀಟರ್‌ನಿಂದ ಒಂದು ಲೀಟರ್‌ವರೆಗೆ ಕುಡಿಯುತ್ತದೆ. ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್ ಸಿಗ್ನಲ್‌ಗಳಲ್ಲಿ ದಿನಕ್ಕೆ ಒಟ್ಟು ಒಂದು ಗಂಟೆ ನಿಂತರೆ, ಗಂಟೆಗೆ 0.7 ಲೀಟರ್ ಲೆಕ್ಕದಲ್ಲಿ 25 ದಿನಕ್ಕೆ 17 ಲೀಟರ್‌ಗೂ ಹೆಚ್ಚು ಖರ್ಚು. ಅದು 1,500 ರೂಪಾಯಿ ದಾಟುತ್ತದೆ. ಯಾವ ಬಾಟಲಿಯೂ ಇದನ್ನು ತುಂಬಿಕೊಡದು. ಟೈರ್‌ನಲ್ಲಿ ಗಾಳಿ ಕಡಿಮೆ ಇರುವುದು, ಏರ್ ಫಿಲ್ಟರ್ ಕೊಳೆಯಾಗಿರುವುದು, ಡಿಕ್ಕಿಯಲ್ಲಿ ಬೇಡದ ಭಾರ ಇರುವುದು ಕೂಡ ಕಾರಣ. ಹತ್ತಿರದ ಓಡಾಟವೇ ಹೆಚ್ಚಾದರೆ ಡಿಪಿಎಫ್‌ನ ಮಸಿ ಸುಡಲು ಗಾಡಿ ಹೆಚ್ಚುವರಿ ಡೀಸೆಲ್ ಬಳಸುತ್ತದೆ.

ಮೈಲೇಜ್ ಸರಿಯಾಗಿ ನೋಡುವುದು ಹೀಗೆ: ಒಂದೇ ಬಂಕ್‌ನಲ್ಲಿ ಆಟೋ ಕಟ್ ಆಗುವವರೆಗೆ ಫುಲ್ ಟ್ಯಾಂಕ್ ಮಾಡಿಸಿ, ಕಿ.ಮೀ. ಬರೆದಿಟ್ಟುಕೊಳ್ಳಿ. 400 ಕಿ.ಮೀ. ಆದ ಮೇಲೆ ಮತ್ತೆ ಫುಲ್ ಮಾಡಿಸಿ, ಓಡಿದ ಕಿ.ಮೀ.ಯನ್ನು ಎರಡನೇ ಬಾರಿ ಹಿಡಿದ ಲೀಟರ್‌ನಿಂದ ಭಾಗಿಸಿ. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಮೊದಲು ಟೈರ್, ಫಿಲ್ಟರ್ ಸರಿಪಡಿಸಿ. ಆಮೇಲೂ ಇಳಿಕೆ ಇದ್ದರೆ ಬೇರೆ ಬಂಕ್‌ನಲ್ಲಿ ಮೂರು ಸಲ ಹಾಕಿಸಿ ಹೋಲಿಸಿ ನೋಡಿ. ವ್ಯತ್ಯಾಸ ಎದ್ದು ಕಂಡರೆ ಬಿಲ್ ಹಿಡಿದು ದೂರು ಕೊಡಿ, ಅದೇ ಇಳಿಕೆ ಕಂಡರೆ ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸಿ.