ಸೃಜನಶೀಲ ಮಾತು, ಬರಹದ ಬೋಧನೆ: ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ

ಪ್ರೌಢಶಾಲೆಯ ಮಕ್ಕಳು ಕಂಡದ್ದನ್ನು, ಅನಿಸಿದ್ದನ್ನು ತಮ್ಮದೇ ನುಡಿಯಲ್ಲಿ ಹೇಳುವಂತೆ, ಬರೆಯುವಂತೆ ಮಾಡುವ ಭಾಷಾ ಬೋಧನೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ತರಗತಿಯಲ್ಲಿ ಇದಕ್ಕೆ ಹೆಚ್ಚು ಎಡೆಯಿರಲಿಲ್ಲ. ವ್ಯಾಕರಣ, ಉಕ್ತಲೇಖನ, ಕಂಠಪಾಠ ಮತ್ತು ಕೊಟ್ಟ ವಿಷಯದ ಮೇಲಿನ ಪ್ರಬಂಧಗಳಲ್ಲೇ ಹೊತ್ತು ಕಳೆಯುತ್ತಿತ್ತು.

ಈ ಕಟ್ಟನ್ನು ಮೊದಲಿಗೆ ಸಡಿಲಿಸಿದವರಲ್ಲಿ ಕೇಂಬ್ರಿಜ್‌ನ ಪರ್ಸ್ ಶಾಲೆಯ ಹೆನ್ರಿ ಕಾಲ್ಡ್‌ವೆಲ್ ಕುಕ್ ಪ್ರಮುಖ. ಅವರ ತರಗತಿಯಲ್ಲಿ ಹುಡುಗರೇ ಭಾಷಣ ಮಾಡುತ್ತಿದ್ದರು, ನಾಟಕ ಕಟ್ಟಿ ಆಡುತ್ತಿದ್ದರು, ಕವಿತೆ ಬರೆಯುತ್ತಿದ್ದರು. ಹುಡುಗರ ಬರಹ ಪುಸ್ತಕವಾಗಿ ಅಚ್ಚಾಗುತ್ತಿತ್ತು. ಈ ಅನುಭವದಿಂದ ಹುಟ್ಟಿದ ಕುಕ್ ಅವರ ‘ದಿ ಪ್ಲೇ ವೇ’ 1917ರಲ್ಲಿ ಹೊರಬಂತು. ಇಂಗ್ಲಿಷ್ ಬೋಧನೆಯನ್ನು ಕುರಿತ 1921ರ ಸರ್ಕಾರಿ ವರದಿ, ನ್ಯೂಬೋಲ್ಟ್ ವರದಿ, ಮಾತಿನ ತರಬೇತಿಗೆ ಒತ್ತು ಕೊಟ್ಟಿತಾದರೂ ಶಿಷ್ಟ ಉಚ್ಚಾರಣೆಯನ್ನು ಅತಿಯಾಗಿ ನೆಚ್ಚಿತು. ಮಗು ಮನೆಯಿಂದ ತಂದ ನುಡಿಯನ್ನು ತಿದ್ದಬೇಕಾದ ದೋಷವೆಂದು ಕಂಡದ್ದು ಆ ವರದಿಯ ದೊಡ್ಡ ಕೊರತೆ.

ಎರಡನೆಯ ಮಹಾಯುದ್ಧದ ನಂತರ ಬರವಣಿಗೆಗೆ ಹೊಸ ಹುರುಪು ಬಂತು. ಮಾರ್ಜರಿ ಹೌರ್ಡ್ (1949) ಮತ್ತು ಡೇವಿಡ್ ಹೋಲ್‌ಬ್ರೂಕ್ (1961) ಅವರ ಪುಸ್ತಕಗಳು ಮಕ್ಕಳ ಕಲ್ಪನೆಯನ್ನು ಪಾಠದ ನಡುವಿಗೆ ತಂದವು. ಓದಿನಲ್ಲಿ ಹಿಂದುಳಿದವರೆಂದು ಶಾಲೆಯೇ ಕೈಬಿಟ್ಟ ಮಕ್ಕಳಲ್ಲೂ ಬರೆಯುವ ಶಕ್ತಿಯಿದೆ ಎಂದು ಹೋಲ್‌ಬ್ರೂಕ್ ಆ ಮಕ್ಕಳ ಬರಹಗಳಿಂದಲೇ ತೋರಿಸಿಕೊಟ್ಟರು. ಸೃಜನಶೀಲ ಬರವಣಿಗೆಯ ಈ ಚಳವಳಿಯ ನಿಜವಾದ ಸಾಧನೆ ಇದೇ. ಆದರೆ ಸಂಗೀತ ಕೇಳಿಸಿ, ಚಿತ್ರ ತೋರಿಸಿ ‘ಈಗ ಬರೆಯಿರಿ’ ಎನ್ನುವ ರೂಢಿ ಹಬ್ಬಿದಾಗ ವಿಶೇಷಣಗಳ ಭಾರಕ್ಕೆ ಕುಸಿದ ಬರಹವೂ ಹೇರಳವಾಯಿತು.

ಮಾತಿನ ಸರದಿ ತಡವಾಗಿ ಬಂತು. ಮಾತನಾಡುವ, ಆಲಿಸುವ ಸಾಮರ್ಥ್ಯಕ್ಕೂ ಸಾಕ್ಷರತೆಯಷ್ಟೇ ಮನ್ನಣೆ ಬೇಕೆಂದು ಬರ್ಮಿಂಗ್‌ಹ್ಯಾಮ್‌ನ ಆಂಡ್ರ್ಯೂ ವಿಲ್ಕಿನ್ಸನ್ 1965ರಲ್ಲಿ ವಾದಿಸಿದರು. ಮರುವರ್ಷ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿದ್ವಾಂಸರು ಸೇರಿದಾಗ, ಭಾಷೆಯ ಮೂಲಕ ಮಗುವಿನ ವ್ಯಕ್ತಿತ್ವ ಬೆಳೆಯಬೇಕೆಂಬ ಬ್ರಿಟಿಷರ ನಿಲುವು ಗಮನ ಸೆಳೆಯಿತು. ಶಿಕ್ಷಣ ಸಂಶೋಧಕ ಡಗ್ಲಸ್ ಬಾರ್ನ್ಸ್ ತರಗತಿಯ ಪಾಠಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದಾಗ ಕೇಳಿಬಂದದ್ದು ಹೆಚ್ಚಾಗಿ ಮೇಷ್ಟರ ದನಿ. ಇನ್ನೊಬ್ಬ ಸಂಶೋಧಕ ಜೇಮ್ಸ್ ಬ್ರಿಟನ್ ಅವರ ತಂಡ ಸುಮಾರು 2,000 ಬರಹಗಳನ್ನು ಪರೀಕ್ಷಿಸಿ, ಮಕ್ಕಳು ಬರೆಯುವುದರಲ್ಲಿ ಬಹುಪಾಲು ಮಾಹಿತಿ ಒಪ್ಪಿಸುವ ಬರಹ, ಅದೂ ಅಂಕ ಹಾಕುವ ಶಿಕ್ಷಕರಿಗಾಗಿ, ಎಂದು 1975ರಲ್ಲಿ ವರದಿ ಮಾಡಿತು. ಆಡಿ ನೋಡಿದ ವಿಚಾರವೇ ಬರಹದಲ್ಲಿ ಗಟ್ಟಿಯಾಗುತ್ತದೆ ಎಂಬ ಬ್ರಿಟನ್ ಅವರ ತಿಳಿವು ಈ ಇತಿಹಾಸದ ಅತಿ ಬೆಲೆಯುಳ್ಳ ಭಾಗ. ಅದೇ ವರ್ಷದ ಸರ್ಕಾರಿ ವರದಿ, ಬುಲಕ್ ವರದಿ, ಭಾಷೆಯ ಹೊಣೆ ಎಲ್ಲ ವಿಷಯಗಳ ಶಿಕ್ಷಕರದೂ ಹೌದೆಂದಿತು.

1987ರಿಂದ 1993ರವರೆಗೆ ನಡೆದ ರಾಷ್ಟ್ರೀಯ ಯೋಜನೆಯೊಂದು ತರಗತಿಯ ಮಾತುಕತೆಗೆ ಬಲ ತುಂಬಿತು. ರಾಷ್ಟ್ರೀಯ ಪಠ್ಯಕ್ರಮ ಮಾತು ಮತ್ತು ಆಲಿಕೆಯನ್ನು ಕಲಿಕೆಯ ಪ್ರತ್ಯೇಕ ಗುರಿಯಾಗಿಸಿತು. ಪರೀಕ್ಷಾ ನಿಯಂತ್ರಣ ಸಂಸ್ಥೆ ಆಫ್‌ಕ್ವಾಲ್ 2013ರಲ್ಲಿ ಈ ನಡೆಯನ್ನು ತಿರುಗಿಸಿತು. ಶಾಲೆಗಳೇ ಕೊಡುವ ಅಂಕಗಳಲ್ಲಿ ಏಕರೂಪತೆ ಸಾಲದೆಂಬ ಕಾರಣಕ್ಕೆ 2014ರಿಂದ ಪ್ರೌಢಶಾಲೆಯ ಜಿಸಿಎಸ್‌ಇ ಪರೀಕ್ಷೆಯಲ್ಲಿ ಇಂಗ್ಲಿಷ್‌ನ ಅಂತಿಮ ಶ್ರೇಣಿಯಲ್ಲಿ ಮಾತಿನ ಅಂಕ ಸೇರಲಿಲ್ಲ. 2015ರಲ್ಲಿ ಆರಂಭವಾದ ಹೊಸ ಜಿಸಿಎಸ್‌ಇಯಲ್ಲಿ ವಿದ್ಯಾರ್ಥಿ ಭಾಷಣ ಮಾಡಲೇಬೇಕು. ಅದರ ಫಲಿತಾಂಶ ಮಾತ್ರ ಶ್ರೇಣಿಗೆ ಸೇರದೆ ಬೇರೆಯಾಗಿಯೇ ನಮೂದಾಗುತ್ತದೆ.