ಮೂವತ್ತು ದಿನದೊಳಗೆ ಒಂದು ಫೋಟೋ

ಗೋವಿಂದರಾಜನಗರದಲ್ಲಿರುವ ನಮಗೆ ಕಾರ್ಡ್ ರೋಡ್ ಅಂದ್ರೆ ಟ್ರಾಫಿಕ್ಕು, ಮೆಟ್ರೋ ಕಂಬ, ಆಫೀಸಿಗೆ ಲೇಟು. ಅದೇ ರಸ್ತೆ ಹಿಡಿದು ಇಸ್ಕಾನ್ ಕಡೆ ಹೋದರೆ ರಾಜಾಜಿನಗರದಲ್ಲಿ ನಾರಾಯಣ ನೇತ್ರಾಲಯ ಸಿಗುತ್ತೆ. ರೆಟಿನಾ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಒಳ್ಳೆಯ ಅಧ್ಯಾಯಕ್ಕೆ ಈ ಆಸ್ಪತ್ರೆಯ ವಿಳಾಸವಿದೆ ಅಂತ ತಿಳಿದ ಮೇಲೆ ಹಿಂದುಮುಂದು ಹುಡುಕಿ ಓದಿದೆ. ಅದನ್ನೇ ಇಲ್ಲಿ ಹೇಳ್ತೀನಿ.

ರೆಟಿನಾ ಅಂದರೆ ಅಕ್ಷಿಪಟಲ. ಕಣ್ಣಿನ ಒಳಗೋಡೆಯ ಮೇಲಿರುವ, ಬೆಳಕನ್ನು ಹಿಡಿಯುವ ತೆಳುವಾದ ಪದರ. ಅದು ಹಾಳಾಗ್ತಾ ಇದ್ದರೂ ಹೊರಗಿನಿಂದ ಕಣ್ಣು ಚೆನ್ನಾಗೇ ಕಾಣುತ್ತೆ. ಹಾಗಾಗಿ ಇದರ ಚರಿತ್ರೆಯಲ್ಲಿ ಮೊದಲು ಬಂದದ್ದು ಔಷಧಿಯಲ್ಲ, ಒಳಗೆ ಇಣುಕಿ ನೋಡುವ ಉಪಾಯ.

ಜೀವಂತ ಕಣ್ಣಿನ ಒಳಗೋಡೆಯನ್ನು ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ. ನೋಡೋಕೇನೋ ಆಯ್ತು, ಸರಿ ಮಾಡೋಕೆ ಆಗಲಿಲ್ಲ. ನಮ್ಮ ಮಿಂಟೋ ಕಣ್ಣಾಸ್ಪತ್ರೆಯ ಕಟ್ಟಡ 1913ರಲ್ಲಿ ತೆರೆದಾಗಲೂ, ಕಳಚಿಕೊಂಡ ರೆಟಿನಾಕ್ಕೆ ಪ್ರಪಂಚದಲ್ಲಿ ಎಲ್ಲೂ ನಂಬಿಕೊಳ್ಳುವಂಥ ಚಿಕಿತ್ಸೆ ಇರಲಿಲ್ಲ. 1920ರ ಆಸುಪಾಸಿನಲ್ಲಿ ಸ್ವಿಟ್ಜರ್ಲೆಂಡಿನ ಜೂಲ್ ಗೋನ್ಯಾ, ರೆಟಿನಾದಲ್ಲಿ ಬಿದ್ದ ತೂತನ್ನು ಹುಡುಕಿ ಸುಟ್ಟು ಮುಚ್ಚಿದರೆ ದೃಷ್ಟಿ ಉಳಿಯುತ್ತೆ ಅಂತ ತೋರಿಸಿದರು. 1945ರ ಗ್ರಹಣವನ್ನು ನೋಡಿ ಕಣ್ಣು ಸುಟ್ಟುಕೊಂಡವರನ್ನು ಪರೀಕ್ಷಿಸಿದ ಜರ್ಮನಿಯ ಮೇಯರ್-ಶ್ವಿಕರಾತ್‌ಗೆ ಇನ್ನೊಂದು ಯೋಚನೆ ಬಂತು: ಸುಡುವ ಬೆಳಕನ್ನೇ ಬೆಸುಗೆಗೆ ಬಳಸಿದರೆ? 1960ರಲ್ಲಿ ಲೇಸರ್ ಬಂದ ಮೇಲೆ ಆ ಕೆಲಸ ಸಲೀಸಾಯಿತು. 1991ರಲ್ಲಿ ಓಸಿಟಿ ಸ್ಕ್ಯಾನ್ ಬಂತು. ರೆಟಿನಾದ ಒಂದೊಂದು ಪದರವೂ ಮುಟ್ಟದೇ ಕಾಣಿಸಿತು. ಇವತ್ತು ಶುಗರ್ ಇರುವ ನಮ್ಮ ಅಪ್ಪ-ಅಮ್ಮಂದಿರಿಗೆ ಡಾಕ್ಟರು ಬರೆದುಕೊಡುವುದು ಇದನ್ನೇ.

ಇಷ್ಟೆಲ್ಲ ಬಂದರೂ ಒಂದು ಗುಂಪು ಮಾತ್ರ ಹೊರಗೇ ಉಳಿದಿತ್ತು: ಅವಧಿಗೆ ಮುಂಚೆ ಹುಟ್ಟಿದ ಕೂಸುಗಳು. ಅವುಗಳ ರೆಟಿನಾದಲ್ಲಿ ರಕ್ತನಾಳಗಳು ಇನ್ನೂ ಪೂರ್ತಿ ಬೆಳೆದಿರೋದಿಲ್ಲ. ಹುಟ್ಟಿದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದರೆ ರೆಟಿನಾವನ್ನೇ ಎಳೆದು ಕಳಚಿಬಿಡಬಹುದು. ಇದಕ್ಕೆ ಆರ್‌ಓಪಿ ಅಂತಾರೆ. ಈ ಕುರುಡುತನವನ್ನು 1942ರಲ್ಲಿ ಬಾಸ್ಟನ್ನಿನ ಡಾ. ಟೆರ್ರಿ ಮೊದಲು ವಿವರಿಸಿದರು. ಇನ್‌ಕ್ಯುಬೇಟರಿನಲ್ಲಿ ಕೊಡುವ ಹೆಚ್ಚಿನ ಆಮ್ಲಜನಕ ಇದಕ್ಕೆ ದೊಡ್ಡ ಕಾರಣ ಅಂತ 1950ರ ದಶಕದಲ್ಲಿ ಗೊತ್ತಾಯಿತು. ಲೇಸರಿನಿಂದ ಇದನ್ನು ಹೆಚ್ಚಾಗಿ ತಡೆಯಬಹುದು. ಆದರೆ ರೋಗ ಜೋರಾದಾಗ ಡಾಕ್ಟರ ಕೈಯಲ್ಲಿರೋದು ಎರಡು-ಮೂರು ದಿನ ಅಷ್ಟೆ.

ಈಗ ಲೆಕ್ಕ ಹಾಕಿ. ಕೂಸು ದೂರದ ಜಿಲ್ಲಾಸ್ಪತ್ರೆಯ ಎನ್‌ಐಸಿಯುನಲ್ಲಿದೆ. ಈ ರೋಗ ಗುರುತಿಸಬಲ್ಲವರು ಬೆರಳೆಣಿಕೆ, ಅವರೂ ದೊಡ್ಡ ಊರುಗಳಲ್ಲಿ. ಒಂದೂವರೆ ಕೆ.ಜಿ. ತೂಗುವ ಕೂಸನ್ನು ಬಸ್ಸಿನಲ್ಲಿ ಬೆಂಗಳೂರಿಗೆ ತರೋದು ಹೇಗೆ?

2008ರಲ್ಲಿ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಮತ್ತು ತಂಡ ಇದನ್ನು ತಿರುಗಿಸಿ ಹಾಕಿದರು. ಕೂಸು ಬರೋದು ಬೇಡ, ಕ್ಯಾಮೆರಾ ಹೋಗಲಿ. ಆ ಯೋಜನೆಯ ಹೆಸರು ಕಿಡ್‌ರಾಪ್. ಕ್ಯಾಮೆರಾ ಹಿಡಿದವರು ಡಾಕ್ಟರಲ್ಲ, ತರಬೇತಿ ಪಡೆದ ತಂತ್ರಜ್ಞರು. ಗಾಡಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಊರೂರಿನ ಎನ್‌ಐಸಿಯುಗೆ ಹೋಗೋದು, ಕೂಸಿನ ರೆಟಿನಾ ಫೋಟೋ ತೆಗೆಯೋದು, ಕೆಂಪು-ಕಿತ್ತಳೆ-ಹಸಿರು ಅಂತ ವಿಂಗಡಿಸೋದು, ಇಂಟರ್ನೆಟ್ಟಿನಲ್ಲಿ ಕಳಿಸೋದು. ಬೆಂಗಳೂರಿನ ಡಾಕ್ಟರು ಫೋನಿನಲ್ಲೇ ನೋಡಿ ಉತ್ತರ ಹೇಳೋದು. ಮುಂದೆ ಸರ್ಕಾರವೂ ಕೈಜೋಡಿಸಿತು.

ನನಗೆ ಇದರಲ್ಲಿ ಹಿಡಿಸಿದ್ದು ಕ್ಯಾಮೆರಾ ಅಲ್ಲ. ‘ಡಾಕ್ಟರೇ ನೋಡಬೇಕು’ ಅನ್ನೋ ನಿಯಮವನ್ನು ಸಡಿಲಿಸಿದ ಧೈರ್ಯ. ಹೆಲ್ಮ್‌ಹೋಲ್ಟ್ಸ್ ಕೊಟ್ಟದ್ದು ನೋಡುವ ದಾರಿ. ಇವರು ಬದಲಾಯಿಸಿದ್ದು ಯಾರು, ಎಲ್ಲಿ ನಿಂತು ನೋಡಬಹುದು ಅನ್ನೋದನ್ನ.

ಇದು ಹಳ್ಳಿ ಕಡೆಯವರ ಕಥೆ ಅಂದುಕೊಳ್ಳಬೇಡಿ. ನಮ್ಮ ಟೀಮಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಯಾರಿಗೋ ಏಳು-ಎಂಟು ತಿಂಗಳಿಗೇ ಮಗು ಹುಟ್ಟುತ್ತೆ. ಡಿಸ್ಚಾರ್ಜ್ ಆಯ್ತು ಅಂತ ಸ್ವೀಟ್ ಹಂಚ್ತಾರೆ. ಎರಡು ಕೆ.ಜಿ.ಗಿಂತ ಕಡಿಮೆ ತೂಕ, ಇಲ್ಲಾ 34 ವಾರಕ್ಕೆ ಮುಂಚೆ ಹುಟ್ಟಿದ ಮಗುವಾದರೆ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಲೇಬೇಕು. ತೀರಾ ಚಿಕ್ಕ ಕೂಸಾದರೆ ಎರಡು-ಮೂರು ವಾರದಲ್ಲೇ. ಸ್ವೀಟ್ ತಗೊಂಡು ಒಂದು ಮಾತು ಕೇಳಿ: ‘ಮಗು ಕಣ್ಣು ತೋರಿಸಿದ್ರಾ?’